ನಮ್ಮ ಅಡ್ಡರಸ್ತೆಗೆ ಹತ್ತು ಮನೆ

ಸಭೆಗೆಂದು ಮೂವತ್ತು ಪ್ಲಾಸ್ಟಿಕ್ ಕುರ್ಚಿ ತರಿಸಿದ್ದರು. ಬಂದವರು ಐವತ್ತಕ್ಕೂ ಮೇಲೆ. ಗಣೇಶನ ಹಬ್ಬಕ್ಕಾಗಲಿ ರಾಜ್ಯೋತ್ಸವಕ್ಕಾಗಲಿ ನಮ್ಮ ಅಡ್ಡರಸ್ತೆಯಲ್ಲಿ ಇಷ್ಟು ಜನ ಸೇರಿದ್ದನ್ನು ನಾನು ಕಂಡಿಲ್ಲ. ದಕ್ಷಿಣ ಬೆಂಗಳೂರಿನ ಒಂದು ಹಳೇ ಬಡಾವಣೆ ನಮ್ಮದು. ಮೂಲೆಯಲ್ಲಿದ್ದ ಎರಡು 60–40 ಸೈಟುಗಳ ಮನೆಗಳನ್ನು ಅವುಗಳ ಮಾಲೀಕರ ಮಕ್ಕಳು ಬಿಲ್ಡರಿಗೆ ಜಾಯಿಂಟ್ ಡೆವಲಪ್‌ಮೆಂಟಿಗೆ ಕೊಟ್ಟಿದ್ದಾರೆ, ಎರಡನ್ನೂ ಸೇರಿಸಿ ಅಪಾರ್ಟ್‌ಮೆಂಟ್ ಏಳುತ್ತದೆ ಎಂಬ ಸುದ್ದಿ ಹಬ್ಬಿ ಹದಿನೈದು ದಿನವಾಗಿತ್ತು. ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರಾದ ಎಂಜಿನಿಯರೊಬ್ಬರು ಪ್ಲಾನಿನ ಜೆರಾಕ್ಸ್ ಸಂಪಾದಿಸಿ, ನಾಲ್ಕು ಹಾಳೆಗಳನ್ನು ಅಂಟಿಸಿ, ಕಾರಿನ ಬಾನೆಟ್ ಮೇಲೆ ಹರಡಿದ್ದರು. ಗಾಳಿಗೆ ಹಾರದಂತೆ ಮೂಲೆಗೊಂದು ತೆಂಗಿನಕಾಯಿ.

ಪ್ಲಾನಿನಲ್ಲಿ ಇದ್ದದ್ದು ಹತ್ತು ಮನೆ. ಸಭೆಯ ಹಿಂದಿನ ಸಾಲಿನಲ್ಲಿ ಅದು ಹದಿನಾರಾಗಿತ್ತು. ಮರುದಿನ ಹಾಲಿನ ಬೂತಿನ ಹತ್ತಿರ ಕೇಳಿದಾಗ ಇಪ್ಪತ್ತನಾಲ್ಕು.

ಹೇಳಬೇಕಾದ್ದನ್ನೆಲ್ಲ ಹೇಳಿದರು. ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತೆ, ಇನ್ನು ಹತ್ತು ಸಂಸಾರ ಬಂದರೆ ಸಂಪಿಗೆ ಏನು ಬೀಳುತ್ತೆ? ಒಳಚರಂಡಿ ಪೈಪು ಎಪ್ಪತ್ತರ ದಶಕದ್ದು, ಮಳೆಗಾಲದಲ್ಲಿ ಮ್ಯಾನ್‌ಹೋಲ್ ಉಕ್ಕಿ ಹೊಸಿಲವರೆಗೆ ಬರುತ್ತೆ. ಇಪ್ಪತ್ತು ಕಾರು ಎಲ್ಲಿ ನಿಲ್ಲಿಸ್ತಾರೆ? ಸೂರ್ಯನ ಬೆಳಕು, ಗಾಳಿ, ಎದುರು ಮನೆಯ ಬಾಲ್ಕನಿಯಿಂದ ನಮ್ಮ ಬಚ್ಚಲು ಕಾಣೋದು. ಎಲ್ಲವೂ ನ್ಯಾಯವಾದ ಮಾತೇ. ನಡುವೆ ಒಬ್ಬ ಹೆಂಗಸು, ಹೇಳಬಾರದೆಂದುಕೊಂಡಿದ್ದನ್ನು ಹೇಳಿಬಿಟ್ಟವರ ಹಾಗೆ, "ಅದೆಲ್ಲ ಇರಲಿ, ಎಂಥೋರು ಬರ್ತಾರೋ ಏನೋ" ಅಂದರು. ಒಂದು ಕ್ಷಣ ಸಭೆ ಸುಮ್ಮನಾಯಿತು. ಆಮೇಲೆ ಯಾರೋ ಪಾರ್ಕಿಂಗ್ ವಿಷಯ ಎತ್ತಿಕೊಂಡರು, ಎಲ್ಲರಿಗೂ ಹಾಯೆನಿಸಿತು.

ಆ ಮೌನದಲ್ಲಿ ನನ್ನ ಪಕ್ಕ ಕೂತಿದ್ದ, ಎಂಬತ್ತು ದಾಟಿದ ಮೇಷ್ಟ್ರು ನನ್ನ ಕಿವಿಯಲ್ಲಿ ಹೇಳಿದ್ದು ಇಷ್ಟೇ: "ನಾವೆಲ್ಲ ವಠಾರದೋರೇ ಅಲ್ವೇನಯ್ಯ?"

ಮೇಷ್ಟ್ರು ಬೆಳೆದದ್ದು ಚಾಮರಾಜಪೇಟೆಯ ವಠಾರದಲ್ಲಿ. ನಡುವೆ ಅಂಗಳ, ಸುತ್ತ ಹನ್ನೊಂದು ಸಂಸಾರ, ಒಂದು ನಲ್ಲಿ, ಎರಡು ಕಕ್ಕಸು. ಬೆಳಗಿನ ಜಾವ ನಲ್ಲಿಯ ಮುಂದೆ ಬಿಂದಿಗೆಗಳ ಸಾಲು. ಸಾಲು ತಪ್ಪಿಸಿದವರ ಮೇಲೆ ಕೂಗಾಟ. ಮುಂದಿನ ಮನೆಯಲ್ಲಿದ್ದ ಮಾಲೀಕರು ರಾತ್ರಿ ಹತ್ತಕ್ಕೆ ಮೇನ್ ಸ್ವಿಚ್ ಆರಿಸಿಬಿಡುತ್ತಿದ್ದರಂತೆ, ಎಸ್‌ಎಸ್‌ಎಲ್‌ಸಿ ಓದುವ ಹುಡುಗರು ಬೀದಿ ದೀಪದಡಿ ಕೂರುತ್ತಿದ್ದರಂತೆ. ಇಂದಿನ ಲೆಕ್ಕದಲ್ಲಿ ತೀರ ದಟ್ಟವಾದ ವಸತಿ ಅದು. ಅಲ್ಲಿಂದ ಸೈಟು ಸಿಕ್ಕಿ, ಸಾಲ ಮಾಡಿ, ಕಾಂಪೌಂಡು ಕಟ್ಟಿಸಿ, ಸಂಪಿಗೆ ಗಿಡ ನೆಟ್ಟ ತಲೆಮಾರು ಈ ಸಭೆಯಲ್ಲಿ ಕೂತಿತ್ತು. ವಠಾರದ ನೆನಪನ್ನು ಹಬ್ಬದ ದಿನ ಎಲೆಯ ಮುಂದೆ ಕೂತು ಹೇಳಿಕೊಳ್ಳುವುದಕ್ಕೆ ಎಲ್ಲರಿಗೂ ಇಷ್ಟ. ವಠಾರ ಪಕ್ಕದ ಸೈಟಿಗೆ ಬಂದರೆ ಮಾತ್ರ ಕಷ್ಟ.

ಈ ಊರಿಗೆ ದಟ್ಟಣೆಯ ಭಯ ಇಂದು ನಿನ್ನೆಯದಲ್ಲ. 1898ರಲ್ಲಿ ಪ್ಲೇಗ್ ಬಂದಾಗ ಪೇಟೆಯ ಇಕ್ಕಟ್ಟಿನ ಮನೆಗಳೇ ರೋಗಕ್ಕೆ ಕಾರಣವೆಂದು ಆಡಳಿತ ನಂಬಿತು. ಬಸವನಗುಡಿ, ಮಲ್ಲೇಶ್ವರದಂಥ ಬಡಾವಣೆಗಳು ನೇರ ರಸ್ತೆ, ಹಿಂದೆ ಕನ್ಸರ್ವೆನ್ಸಿ ಗಲ್ಲಿ, ಮನೆಯ ಸುತ್ತ ಖಾಲಿ ಜಾಗ ಇಟ್ಟುಕೊಂಡು ಬೆಳೆದದ್ದು ಆ ಭಯದ ನೆರಳಿನಲ್ಲಿ. ಮನೆಗೂ ಮನೆಗೂ ನಡುವೆ ಗಾಳಿಯಾಡಬೇಕು ಎಂಬುದು ಆಗ ವೈದ್ಯರ ಮಾತಾಗಿತ್ತು. ಕ್ರಮೇಣ ಅದು ಅಂತಸ್ತಿನ ಮಾತಾಯಿತು. 1945ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿ, ಜನರ ಬಾಯಲ್ಲಿ ಸಿಐಟಿಬಿ, ಬಂತು. 1948ರಲ್ಲಿ ಜಯನಗರ ಶುರುವಾಯಿತು. 1976ರಲ್ಲಿ ಸಿಐಟಿಬಿ ಜಾಗಕ್ಕೆ ಬಿಡಿಎ. ಇವು ಹೆಚ್ಚಾಗಿ ಕೊಟ್ಟಿದ್ದು ಸೈಟುಗಳನ್ನು, ಮನೆಗಳನ್ನಲ್ಲ. ಒಬ್ಬ ಮನುಷ್ಯ, ಒಂದು ಸೈಟು, ಒಂದು ಸಂಸಾರ ಎಂಬ ಆಸೆ ಮಧ್ಯಮ ವರ್ಗದ ಎದೆಯಲ್ಲಿ ಕೂತದ್ದು ಹಾಗೆ. ಆ ಸೈಟುಗಳಿಗೆ ಮುಂಚೆ ಅಲ್ಲಿ ಹೊಲಗಳಿದ್ದವು, ಕೆರೆಯಂಗಳಗಳಿದ್ದವು. ಆ ಹೊಲಗಳವರನ್ನು ಯಾರೂ ಸಭೆ ಕರೆದು ಕೇಳಲಿಲ್ಲ. ಇದನ್ನು ನಾನು ಸಭೆಯಲ್ಲಿ ಹೇಳಲಿಲ್ಲ, ಹೇಳುವ ಧೈರ್ಯ ಇರಲಿಲ್ಲ.

ಇಂಥ ಜಗಳ ಎಲ್ಲಿ ಮುಟ್ಟಬಹುದು ಎಂದು ತಿಳಿಯಬೇಕಾದರೆ ಚಂಡೀಗಢಕ್ಕೆ ಹೋಗಬೇಕು.

ದೇಶ ವಿಭಜನೆಯಲ್ಲಿ ಲಾಹೋರನ್ನು ಕಳೆದುಕೊಂಡ ಪಂಜಾಬಿಗೆ ರಾಜಧಾನಿ ಬೇಕಿತ್ತು. ಅಮೆರಿಕದ ಆಲ್ಬರ್ಟ್ ಮೇಯರ್ ಮೊದಲ ನಕ್ಷೆ ಬರೆದರು. ಅವರ ಜೊತೆಗಾರ ನೊವಿಟ್ಸ್ಕಿ 1950ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ಮೇಲೆ ಕೆಲಸ ಲೆ ಕಾರ್ಬುಸಿಯೆ ಕೈಗೆ ಬಂತು. ಅವರು ಊರನ್ನು 800 ಮೀಟರ್ ಅಗಲ, 1,200 ಮೀಟರ್ ಉದ್ದದ ಸೆಕ್ಟರುಗಳಾಗಿ ಕತ್ತರಿಸಿದರು. ಮೊದಲ ಹಂತ 1ರಿಂದ 30ನೇ ಸೆಕ್ಟರು. 13ನೇ ನಂಬರನ್ನು ಮಾತ್ರ ಮೂಲ ನಕ್ಷೆಯಲ್ಲಿ ಬಿಟ್ಟಿದ್ದರು. ಈ ಮೊದಲ ಹಂತದಲ್ಲಿ ತಗ್ಗು ಮನೆಗಳು, ಒಂದೂವರೆ ಲಕ್ಷ ಜನ. ಎರಡನೇ ಹಂತದಲ್ಲಿ ಇನ್ನೂ ಮೂರೂವರೆ ಲಕ್ಷ. ಒಟ್ಟು ಐದು ಲಕ್ಷಕ್ಕೆ ಊರು ಮುಗಿಯಬೇಕು. 2011ರ ಜನಗಣತಿ ಹೊತ್ತಿಗೆ ಕೇಂದ್ರಾಡಳಿತ ಪ್ರದೇಶದಲ್ಲಿ ಇದ್ದವರು 10.55 ಲಕ್ಷ. ಊರು ಮುಗಿಯಬೇಕೆಂದು ನಕ್ಷೆ ಬರೆದವರು ಹೇಳಬಹುದು, ಕೆಲಸ ಹುಡುಕಿಕೊಂಡು ಬಸ್ಸು ಹತ್ತುವವರಿಗೆ ಅದು ತಿಳಿದಿರುವುದಿಲ್ಲ.

ಮೊದಲ ಹಂತದ ಸೆಕ್ಟರುಗಳಲ್ಲಿ ದೊಡ್ಡ ದೊಡ್ಡ ಬಂಗಲೆಗಳು. ಮುಂದೆ ಹುಲ್ಲುಹಾಸು, ಹಿಂದೆ ಅಂಗಳ. 1960ರ ನಿಯಮಗಳ ಪ್ರಕಾರ ನಿವೇಶನವನ್ನಾಗಲಿ ಕಟ್ಟಡವನ್ನಾಗಲಿ ತುಂಡು ಮಾಡುವಂತಿರಲಿಲ್ಲ. ಕಟ್ಟಿಸಿದವರು ಕಾಲವಾದರು, ಮಕ್ಕಳು ಮೂರಾದರು, ಮೂವರಲ್ಲಿ ಇಬ್ಬರು ಕೆನಡಾಕ್ಕೆ ಹೋದರು. ಮನೆಯನ್ನು ಮಹಡಿ ಮಹಡಿಯಾಗಿ ಮಾರಲು ದಾರಿ ಮಾಡಿಕೊಡುವ ಅಪಾರ್ಟ್‌ಮೆಂಟ್ ನಿಯಮಗಳನ್ನು ಆಡಳಿತ 2001ರಲ್ಲಿ ತಂದಿತು. ನಿವಾಸಿಗಳು ಎದ್ದು ನಿಂತರು. 2007ರಲ್ಲಿ ನಿಯಮಗಳನ್ನೇ ವಾಪಸು ತೆಗೆದುಕೊಳ್ಳಬೇಕಾಯಿತು.

ಆಮೇಲೆ ನಡೆದದ್ದನ್ನು ನೋಡಿದರೆ ನಮ್ಮ ಸಬ್‌ರಿಜಿಸ್ಟ್ರಾರ್ ಕಚೇರಿಗಳ ಹೊರಗೆ ಕೂರುವ ಬರಹಗಾರರೂ ತಲೆದೂಗಿಯಾರು. ಬಿಲ್ಡರುಗಳು ಬಂಗಲೆ ಕೊಂಡು ಕೆಡವಿ ಮೂರು ಮಹಡಿ ಕಟ್ಟಿದರು. ಕಾಗದದಲ್ಲಿ ಮಹಡಿ ಮಾರಲಿಲ್ಲ, 'ಪಾಲು' ಮಾರಿದರು: ಒಬ್ಬರಿಗೆ ಶೇ 50, ಇನ್ನೊಬ್ಬರಿಗೆ ಶೇ 30, ಮತ್ತೊಬ್ಬರಿಗೆ ಶೇ 20. ಮೂವರೂ ಒಬ್ಬರಿಗೊಬ್ಬರು ಅಪರಿಚಿತರು, ಕಾನೂನಿನ ಕಣ್ಣಿಗೆ ಮಾತ್ರ ಒಂದೇ ಮನೆಯ ಸಹಮಾಲೀಕರು. ಯಾರಿಗೆ ಯಾವ ಮಹಡಿ, ಟೆರೇಸ್ ಯಾರದ್ದು, ಹಿತ್ತಲು ಯಾರದ್ದು ಎಂಬುದು ತಮ್ಮತಮ್ಮೊಳಗಿನ ಒಪ್ಪಂದ ಪತ್ರದಲ್ಲಿ. ಅಡುಗೆಮನೆ ಮೂರು, ಮೀಟರು ಮೂರು, ಮನೆ ಒಂದು.

10ನೇ ಸೆಕ್ಟರಿನ ನಿವಾಸಿಗಳ ಸಂಘ ಹೈಕೋರ್ಟಿಗೆ ಹೋಯಿತು. ಪಾಲು ಮಾರುವುದು ಬೇರೆ, ಕಟ್ಟಡ ತುಂಡರಿಸುವುದು ಬೇರೆ ಎಂಬ ವಾದ ಅಲ್ಲಿ ನಿಂತಿತು. 2021ರಲ್ಲಿ ಸಂಘ ಸೋತಿತು. ಸುಪ್ರೀಂ ಕೋರ್ಟಿನಲ್ಲಿ ತಿರುಗುಮುರುಗಾಯಿತು. 2023ರ ಜನವರಿ 10ರಂದು ನ್ಯಾಯಮೂರ್ತಿಗಳಾದ ಬಿ.ಆರ್. ಗವಾಯಿ ಮತ್ತು ನಮ್ಮ ಕರ್ನಾಟಕದವರೇ ಆದ ಬಿ.ವಿ. ನಾಗರತ್ನ ಅವರ ಪೀಠ, ಕಾಗದದ ಹಿಂದಿನ ಉಪಾಯವನ್ನು ಉಪಾಯವೆಂದೇ ಕರೆಯಿತು. ಒಂದನೇ ಹಂತದಲ್ಲಿ ಒಂಟಿ ಮನೆಯನ್ನು ಅಪಾರ್ಟ್‌ಮೆಂಟು ಮಾಡುವ ದಾರಿ ಮುಚ್ಚಿತು. ಮೂರು ಮಹಡಿಗಿಂತ ಹೆಚ್ಚಿಗೆ ಬೇಡ, ಎಫ್‌ಎಆರ್, ಅಂದರೆ ಸೈಟಿನ ಅಳತೆಗೆ ಎಷ್ಟು ಕಟ್ಟಬಹುದೆಂಬ ಲೆಕ್ಕ, ಇನ್ನು ಏರಿಸಬೇಡಿ ಎಂದಿತು. ಅಲ್ಲಿ ಇನ್ನಷ್ಟು ಜನರಿಗೆ ಜಾಗ ಮಾಡಬಹುದೇ ಎಂಬ ಪ್ರಶ್ನೆಯನ್ನು ಪರಂಪರೆ ಸಂರಕ್ಷಣಾ ಸಮಿತಿ ನೋಡಲಿ ಎಂದು ಅದರ ಮುಂದಿಟ್ಟಿತು. ದೇಶದಲ್ಲಿ ನಿವಾಸಿಗಳ ಸಂಘವೊಂದಕ್ಕೆ ಇಷ್ಟು ದೊಡ್ಡ ಗೆಲುವು ಸಿಕ್ಕಿದ ಇನ್ನೊಂದು ಉದಾಹರಣೆ ನನಗೆ ನೆನಪಾಗುತ್ತಿಲ್ಲ.

ಆ ತೀರ್ಪಿನ ಕೊನೆಯ ಪುಟಗಳಿಗೆ ಬಂದರೆ ಬೆಂಗಳೂರಿನವರಿಗೆ ಒಂದು ಏಟಿದೆ. 'ಇಂಡಿಯಾ ಟುಡೇ' 2022ರ ಅಕ್ಟೋಬರಿನಲ್ಲಿ ಬೆಂಗಳೂರು ಹಾಳಾದ ಕಥೆಯನ್ನು ಮುಖಪುಟ ಲೇಖನವಾಗಿ ಮಾಡಿತ್ತು. ಪೀಠ ಅದನ್ನು ಎತ್ತಿಕೊಂಡು, ಬೆಂಗಳೂರು ಕೊಟ್ಟಿರುವ ಎಚ್ಚರಿಕೆಯನ್ನು ಶಾಸಕಾಂಗ, ಕಾರ್ಯಾಂಗ, ಯೋಜನೆ ಮಾಡುವವರು ಗಮನಿಸಬೇಕು ಎಂದಿತು. ಚಂಡೀಗಢದ ಹುಲ್ಲುಹಾಸನ್ನು ಕಾಪಾಡಲು ನಮ್ಮೂರನ್ನು ಸಾಕ್ಷಿಗೆ ಕರೆದಂತಾಯಿತು.

ಸಾಕ್ಷಿ ಹೇಳುವವರು ಪೂರ್ತಿ ಹೇಳಬೇಕಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಮುಳುಗಿ ಕಂಪನಿಗಳ ದೊಡ್ಡವರು ಟ್ರ್ಯಾಕ್ಟರ್ ಹತ್ತಿದ ಚಿತ್ರಗಳು ದೇಶವೆಲ್ಲ ಓಡಾಡಿದವು. ಅವುಗಳಲ್ಲಿ ಹೆಚ್ಚು ಸುದ್ದಿಯಾದದ್ದು ಯಮಲೂರಿನ ಕಡೆಯ ವಿಲ್ಲಾಗಳು: ಒಂದೊಂದು ಸಂಸಾರಕ್ಕೆ ಒಂದೊಂದು ಮನೆ, ಮುಂದೆ ಹುಲ್ಲುಹಾಸು, ಹಿಂದೆ ಅಂಗಳ. ದಟ್ಟಣೆ ಅಲ್ಲಿ ಇರಲೇ ಇಲ್ಲ. ನೀರು ನುಗ್ಗಿದ್ದು ಕೆರೆಯ ದಾರಿಯಲ್ಲಿ, ರಾಜಕಾಲುವೆಯ ಪಕ್ಕದಲ್ಲಿ ಮನೆ ಕಟ್ಟಿದ್ದಕ್ಕೆ. ಹರಿಯುವ ನೀರಿಗೆ ಮನೆಗಳ ಲೆಕ್ಕ ಗೊತ್ತಿಲ್ಲ, ಇಳಿಜಾರು ಮಾತ್ರ ಗೊತ್ತು. ಬೆಂಗಳೂರು ಹಾಳಾದದ್ದು ಒಂದರ ಮೇಲೊಂದು ಮನೆ ಕಟ್ಟಿದ್ದರಿಂದ ಎನ್ನುವುದಕ್ಕಿಂತ, ನಾಲ್ಕೂ ದಿಕ್ಕಿಗೆ ಲಂಗುಲಗಾಮಿಲ್ಲದೆ ಹರಡಿದ್ದರಿಂದ ಎನ್ನುವುದು ಹೆಚ್ಚು ಸರಿ ಎಂದು ನನಗೆ ಅನಿಸುತ್ತದೆ. ಒಳಗೆ ಬೇಡವೆಂದ ಹತ್ತು ಮನೆ ಎಲ್ಲೂ ಮಾಯವಾಗುವುದಿಲ್ಲ, ಹೊರವಲಯದ ಯಾವುದೋ ಕೆರೆಯ ದಂಡೆಯಲ್ಲಿ ಏಳುತ್ತವೆ.

ಚಂಡೀಗಢದಲ್ಲೂ ಅದೇ. ಸೆಕ್ಟರುಗಳು ತಗ್ಗಾಗಿಯೇ ಉಳಿದವು, ಗಡಿಯಾಚೆ ಪಂಜಾಬಿನ ಝಿರಕ್‌ಪುರದಲ್ಲಿ ಗೋಪುರಗಳು ಎದ್ದವು. ಆಚೆ ಮನೆ ಕೊಂಡವರು ದಿನಾ ಬೆಳಿಗ್ಗೆ ಕಾರಿನಲ್ಲಿ ಇದೇ ಸೆಕ್ಟರುಗಳಿಗೆ ಕೆಲಸಕ್ಕೆ ಬರುತ್ತಾರೆ. ಬಂಗಲೆಯವರ ಬೀದಿಗೆ ದಟ್ಟಣೆ ಬರಲಿಲ್ಲ, ಟ್ರಾಫಿಕ್ ಬಂತು. ಅಣ್ಣತಮ್ಮಂದಿರು ತಮ್ಮ ಪಾಲನ್ನು ಹೊರಗಿನವರಿಗೆ ಮಾರಲಾಗದೆ, ಒಬ್ಬರ ಪಾಲನ್ನು ಇನ್ನೊಬ್ಬರು ಕೊಳ್ಳಲಾಗದೆ, ಒಂದೇ ಸೂರಿನಡಿ ಮುಖ ತಿರುಗಿಸಿಕೊಂಡು ಇರಬೇಕಾದ ಪಾಡು ಬೇರೆ.

ಅಪಾರ್ಟ್‌ಮೆಂಟಿನ ಮೇಲಿನ ಈ ಸಿಟ್ಟಿಗೆ ಬೇರೆ ದೇಶಗಳಲ್ಲೂ ಹಳೇ ಬೇರಿದೆ. ಅಮೆರಿಕದ ಸುಪ್ರೀಂ ಕೋರ್ಟು 1926ರಲ್ಲಿ, ಯೂಕ್ಲಿಡ್ ಎಂಬ ಊರಿನ ಪ್ರಕರಣದಲ್ಲಿ, ಒಂಟಿ ಮನೆಗಳ ಬೀದಿಯಲ್ಲಿ ಏಳುವ ಅಪಾರ್ಟ್‌ಮೆಂಟನ್ನು ಪರಾವಲಂಬಿಗೆ ಹೋಲಿಸಿತು: ಇತರರು ಮಾಡಿಕೊಂಡ ಬೆಳಕು ಗಾಳಿಯನ್ನು ಹೀರುವ ಜೀವಿ. ನಮ್ಮ ಸಭೆಯಲ್ಲಿ ಆ ಪದ ಯಾರೂ ಬಳಸಲಿಲ್ಲ. "ಎಂಥೋರು ಬರ್ತಾರೋ" ಅಂದಿದ್ದಷ್ಟೇ.

ಹಾಗಂತ ನಮ್ಮ ಬೀದಿಯವರದ್ದು ಬರೀ ಜಂಭ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ನೀರಿನ ಮಾತು ಸುಳ್ಳಲ್ಲ. ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಬೆಟ್ಟ ಹತ್ತಿಸಿ ತರುವ ನೀರು ಇದು. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಒಣಗಿ, ಟ್ಯಾಂಕರಿಗೆ ಸರ್ಕಾರ ದರ ಕಟ್ಟಬೇಕಾಯಿತು. ಅಪಾರ್ಟ್‌ಮೆಂಟಿನವರು ಊಟಕ್ಕೆ ಕಾಗದದ ತಟ್ಟೆ ತಂದರು. ಅದೇ ವರ್ಷ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಬಂತು, ದಿನಕ್ಕೆ 775 ದಶಲಕ್ಷ ಲೀಟರು. ಅದು ಮುಖ್ಯವಾಗಿ ಹೊರವಲಯದ 110 ಹಳ್ಳಿಗಳಿಗೆ. ನಮ್ಮ ಬೀದಿಯ ಪೈಪಿನ ಸುತ್ತಳತೆ ಅಷ್ಟೇ ಇದೆ.

ಎಫ್‌ಎಆರ್ ಎನ್ನುವುದನ್ನು ನಮ್ಮ ಎಂಜಿನಿಯರು ಬಾನೆಟ್ ಮೇಲೆ ಪೆನ್ಸಿಲಿನಲ್ಲಿ ವಿವರಿಸಿದ್ದು ಹೀಗೆ. ಮೂವತ್ತು ನಲವತ್ತರ ಸೈಟು 1,200 ಚದರಡಿ. ಎಫ್‌ಎಆರ್ 1.75 ಅಂದರೆ ಎಲ್ಲಾ ಮಹಡಿ ಸೇರಿ 2,100 ಚದರಡಿ ಕಟ್ಟಬಹುದು. "ಆಕಾಶದಲ್ಲಿ ಎಷ್ಟು ಜಾಗ ನಿಂದು ಅನ್ನೋ ಲೆಕ್ಕ" ಅಂದರು. ಈ ಲೆಕ್ಕ ಇರುವುದು 2007ರಲ್ಲಿ ಒಪ್ಪಿಗೆ ಪಡೆದ, ಹೆಸರಿನಲ್ಲಿ 2015 ಅಂತಿರುವ ಮಾಸ್ಟರ್ ಪ್ಲಾನಿನಲ್ಲಿ. 2031ರದ್ದು ಅಂತ ಇನ್ನೊಂದು ಕರಡು 2017ರಲ್ಲಿ ಬಂತು, ಆಮೇಲೆ ಸರ್ಕಾರವೇ ಅದನ್ನು ಹಿಂದಕ್ಕೆ ಪಡೆಯಿತು. ನಕ್ಷೆ ಹಳೆಯದಾದರೂ ಆಕಾಶದ ವ್ಯಾಪಾರ ನಿಂತಿಲ್ಲ. ರಸ್ತೆ ಅಗಲಕ್ಕೆ ಜಾಗ ಬಿಟ್ಟವರಿಗೆ ದುಡ್ಡಿನ ಬದಲು ಟಿಡಿಆರ್, ಅಂದರೆ ಮಾರಬಹುದಾದ ಕಟ್ಟುವ ಹಕ್ಕು, ಕೊಡುತ್ತಾರೆ, ಅದನ್ನು ಇನ್ನೆಲ್ಲೋ ಕಟ್ಟುವವರು ಕೊಳ್ಳುತ್ತಾರೆ. ಈಗ ಪ್ರೀಮಿಯಂ ಎಫ್‌ಎಆರ್: ಶುಲ್ಕ ಕಟ್ಟು, ಇನ್ನಷ್ಟು ಎತ್ತರಿಸು. ನನ್ನ ತಕರಾರು ಎತ್ತರದ ಮೇಲಲ್ಲ. ಮಹಡಿ ಏರುವುದು ನಮ್ಮ ಬೀದಿಯಲ್ಲಿ, ಶುಲ್ಕ ಸೇರುವುದು ಖಜಾನೆಗೆ. ಅದರಲ್ಲಿ ಇಷ್ಟು ನಿಮ್ಮ ಮ್ಯಾನ್‌ಹೋಲಿಗೆ, ಇಷ್ಟು ನಿಮ್ಮ ನೀರಿನ ಪೈಪಿಗೆ ಅಂತ ಯಾರಾದರೂ ಬಂದು ಬರೆದುಕೊಟ್ಟರೆ, ಸಭೆಯ ಐವತ್ತರಲ್ಲಿ ಮೂವತ್ತು ಜನ ಕುರ್ಚಿ ಮಡಚಿ ಮನೆಗೆ ಹೋಗುತ್ತಿದ್ದರು. ಉಳಿದ ಇಪ್ಪತ್ತು ಜನ ಕೂತೇ ಇರುತ್ತಿದ್ದರು ಎಂಬುದೂ ನನಗೆ ಗೊತ್ತು.

ಇನ್ನೊಂದು ವಿಷಯ ಸಭೆಯಲ್ಲಿ ಯಾರೂ ಎತ್ತಲಿಲ್ಲ, ಎತ್ತುವಂತೆಯೂ ಇರಲಿಲ್ಲ. ನಮ್ಮ ಬೀದಿ ಆಗಲೇ ದಟ್ಟವಾಗಿದೆ. ಕಾಂಪೌಂಡಿಗೂ ಗೋಡೆಗೂ ನಡುವೆ ಬಿಡಬೇಕಾದ ಸೆಟ್‌ಬ್ಯಾಕಿನಲ್ಲಿ ಬಚ್ಚಲುಗಳಿವೆ, ಟೆರೇಸಿನ ಮೇಲೆ ಶೀಟು ಹೊದಿಸಿದ ರೂಮುಗಳಿವೆ, ಅವುಗಳಲ್ಲಿ ಬಾಡಿಗೆಗೆ ಹುಡುಗರಿದ್ದಾರೆ. ಮುಂದಿನ ಅಡ್ಡರಸ್ತೆಯ ಒಂದೇ ಪಿಜಿಯಲ್ಲಿ ಅಪಾರ್ಟ್‌ಮೆಂಟಿನ ಹತ್ತು ಮನೆಗಿಂತ ಹೆಚ್ಚು ಜನ. ಅದು ಸದ್ದಿಲ್ಲದೆ, ಪ್ಲಾನಿಲ್ಲದೆ, ಒಂದೊಂದು ಮಹಡಿಯಾಗಿ ಬಂದದ್ದರಿಂದ ಸಭೆ ಕರೆಯುವ ಪ್ರಸಂಗ ಬರಲಿಲ್ಲ. ಪ್ಲಾನು ಹಿಡಿದು ಬಾಗಿಲಿಂದ ಬರುವವರಿಗೆ ನಾವು ಅಡ್ಡ ನಿಲ್ಲುತ್ತೇವೆ, ಕಿಟಕಿಯಿಂದ ಬರುವವರಿಂದ ಬಾಡಿಗೆ ತೆಗೆದುಕೊಳ್ಳುತ್ತೇವೆ. ನಾನೂ ತೆಗೆದುಕೊಳ್ಳುತ್ತೇನೆ. ನಮ್ಮ ಮನೆಯ ಮೇಲಿನ ಒಂದು ರೂಮು, ಒಂದು ಅಡುಗೆಮನೆ, ದಾವಣಗೆರೆಯ ಕಡೆಯ ಹುಡುಗಿಗೆ ಕೊಟ್ಟಿದ್ದೇವೆ; ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ. ಸಭೆಗೆ ಆಕೆಯನ್ನು ಕರೆದಿರಲಿಲ್ಲ. ಕ್ಷೇಮಾಭಿವೃದ್ಧಿ ಸಂಘಕ್ಕೆ ಓನರುಗಳು ಮಾತ್ರ ಸದಸ್ಯರು.

ಸಭೆ ಆಗಿ ವಾರಕ್ಕೆ, ಮೂಲೆಯ ಸೈಟಿಗೆ ಬೋರ್ ಕೊರೆಯುವ ಲಾರಿ ಬಂತು. ರಾತ್ರಿ ಎಂಟಕ್ಕೆ ಶುರುವಾದದ್ದು ಬೆಳಗಿನ ಜಾವದವರೆಗೂ. ಮಲಗಲು ಆಗದವರೆಲ್ಲ ಶಾಲು ಹೊದ್ದು ಹೊರಗೆ ಬಂದರು. ಮುನ್ನೂರು ಅಡಿಗೆ ಬಿಳಿ ಪುಡಿ. ಐನೂರಕ್ಕೆ ಬಿಳಿ ಪುಡಿ. ಸಂಪಿಗೆ ಗಿಡದ ಎಲೆಗಳ ಮೇಲೆ, ನಿಲ್ಲಿಸಿದ್ದ ಸ್ಕೂಟರುಗಳ ಸೀಟಿನ ಮೇಲೆ, ಹಿಟ್ಟು ಜರಡಿ ಹಿಡಿದ ಹಾಗೆ ಕೂತಿತು. ಬಿಲ್ಡರಿಗೆ ನೀರು ಸಿಗಬಾರದು ಎಂದು ಮನಸ್ಸಿನಲ್ಲಿ ಹರಸಿಕೊಂಡವರೇ, ಎಂಟುನೂರು ದಾಟಿದಾಗ, "ಇಷ್ಟು ಆಳಕ್ಕೂ ಇಲ್ವೇನಪ್ಪ, ನಮ್ದು ಇನ್ನೂರೈವತ್ತೇ ಇರೋದು" ಎಂದು ಕಂಗಾಲಾದರು. ಒಂಬೈನೂರರ ಹತ್ತಿರ ಕೆಸರು ಬಂತು. ಯಾರೋ ಚಪ್ಪಾಳೆ ತಟ್ಟಿದರು. ತಟ್ಟಿದ್ದು ವಿರೋಧದ ಸಮಿತಿಯ ಕಾರ್ಯದರ್ಶಿಗಳೇ.

ಆಕ್ಷೇಪಣೆಯ ಅರ್ಜಿ ಮನೆಮನೆಗೂ ಬಂತು. ನೀರು, ಒಳಚರಂಡಿ, ಪಾರ್ಕಿಂಗ್, ಬೆಳಕು, ನಾಲ್ಕು ಅಂಶ. ಐದನೆಯದಾಗಿ ಬ್ಯಾಚಲರುಗಳಿಗೆ ಬಾಡಿಗೆ ಕೊಡಬಾರದೆಂದು ಸೇರಿಸಲು ಒಬ್ಬರು ಒತ್ತಾಯಿಸಿದ್ದರು, ಮೇಷ್ಟ್ರು ಹೊಡೆದುಹಾಕಿಸಿದ್ದರು. ಇಪ್ಪತ್ತಾರನೆಯ ಸಹಿ ಮೇಷ್ಟ್ರದ್ದೇ. "ಪೈಪಿಗೆ ಹಾಕಿದೀನಿ ಸಹಿ, ಜನಕ್ಕಲ್ಲ" ಅಂದರು. ಅದರ ಕೆಳಗೆ ನಾನೂ ಹಾಕಿದೆ.

ಪ್ಲಾನಿನ ಜೆರಾಕ್ಸ್ ಅರ್ಜಿಯ ಜೊತೆ ನಮ್ಮ ಡೈನಿಂಗ್ ಟೇಬಲ್ ಮೇಲೆ ಒಂದು ರಾತ್ರಿ ಇತ್ತು. ಮೇಲಿನ ಮನೆಯ ಹುಡುಗಿ ಬಾಡಿಗೆ ಕೊಡಲು ಕೆಳಗೆ ಬಂದವಳು ನಿಂತು ನೋಡಿದಳು.

"ಅಂಕಲ್, ಇದರಲ್ಲಿ ಒನ್ ಬಿಎಚ್‌ಕೆ ಇರುತ್ತಾ? ಅಮ್ಮನ್ನ ಕರ್ಕೊಂಡು ಬರೋಣ ಅಂತಿದೀನಿ."

ಹದಿನೈದು ದಿನದಿಂದ ಆ ಹಾಳೆಯನ್ನು ಎಲ್ಲರೂ ನೋಡಿದ್ದೆವು, ಮನೆ ಎಣಿಸಿದ್ದೆವು, ಕಾರು ಎಣಿಸಿದ್ದೆವು. ಮನೆಯ ಒಳಗೆ ಏನಿದೆ ಎಂದು ನೋಡಿರಲಿಲ್ಲ. ಕನ್ನಡಕ ಹಾಕಿಕೊಂಡು ಮಹಡಿಯ ಮೇಲೆ ಮಹಡಿ ಬೆರಳಿಟ್ಟು ನೋಡಿದೆ. ಹತ್ತಕ್ಕೆ ಹತ್ತೂ ಮೂರು ಬೆಡ್‌ರೂಮಿನವು.

"ಓ, ಹಾಗಾದ್ರೆ ಬಿಡಿ" ಎಂದು ದುಡ್ಡು ಎಣಿಸಿ ಇಟ್ಟು, ಚಪ್ಪಲಿ ಮೆಟ್ಟಿಕೊಂಡು ಮೇಲೆ ಹೋದಳು.